ಯಾವ ಕೆಂಪೇಗೌಡ? ಯಾವ ಸಿಲ್ಕು?

ಊರಿಂದ ಬರ್ತಿರೋ ನೆಂಟರು ಫೋನ್ ಮಾಡಿ "ಕೆಂಪೇಗೌಡದಲ್ಲಿ ಸಿಗೋಣ" ಅಂದ್ರೆ, ಮೊದಲು ಕೇಳ್ಬೇಕಾದ್ದು ಒಂದೇ: ಯಾವ ಕೆಂಪೇಗೌಡ? ದೇವನಹಳ್ಳಿ ಹತ್ತಿರದ ವಿಮಾನ ನಿಲ್ದಾಣಕ್ಕೂ ಅದೇ ಹೆಸರು, ಮೆಜೆಸ್ಟಿಕ್ ಬಸ್ ನಿಲ್ದಾಣಕ್ಕೂ ಅದೇ ಹೆಸರು, ಪಕ್ಕದ ಮೆಟ್ರೋ ನಿಲ್ದಾಣ ನಾಡಪ್ರಭು ಕೆಂಪೇಗೌಡ.

ನಮ್ಮ ಮೆಟ್ರೋ ನಕ್ಷೆ ಕಷ್ಟದ್ದೇನಲ್ಲ. 2025ರ ಆಗಸ್ಟಲ್ಲಿ ಹಳದಿ ಮಾರ್ಗ ಶುರುವಾದಾಗ ಆದದ್ದು ಮೂರು ಬಣ್ಣ, ಗಾಡಿ ಬದಲಿಸೋಕೆ ಎರಡು ಜಾಗ. ನೇರಳೆ ಮತ್ತು ಹಸಿರು ಸೇರೋದು ಮೆಜೆಸ್ಟಿಕ್ಕಲ್ಲಿ, ಹಸಿರು ಮತ್ತು ಹಳದಿ ಸೇರೋದು ಆರ್.ವಿ. ರಸ್ತೆಯಲ್ಲಿ. ಜನ ಎಡವೋದು ಹೆಸರಲ್ಲಿ.

ಅತಿ ದುಬಾರಿ ಗೊಂದಲ ರೈಲು ಹಿಡಿಯೋರದ್ದು. ಟಿಕೆಟ್ಟಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಅಂತಿರತ್ತೆ, ಮೆಟ್ರೋದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ ಅಂತ ಕೂಗ್ತಾರೆ, ಇಳಿದೇಬಿಡ್ತಾರೆ. ಅದು ಸೆಂಟ್ರಲ್ ಕಾಲೇಜಿನ ನಿಲ್ದಾಣ. ರೈಲು ಟರ್ಮಿನಲ್ ಇರೋದು ಬೈಯಪ್ಪನಹಳ್ಳಿಯಲ್ಲಿ, ಅಂದ್ರೆ ಇನ್ನೂ ಎಂಟು ನಿಲ್ದಾಣ ಆಚೆ. ಬೈಯಪ್ಪನಹಳ್ಳಿ ಮೆಟ್ರೋದಲ್ಲಿ ಇಳಿದ ಮೇಲೂ ಆಟೋನೋ ಬಸ್ಸೋ ಬೇಕು. ಮಹನೀಯರಿಗೆ ಗೌರವ ಬೇಡ ಅಂತಲ್ಲ. ಆದ್ರೆ ಒಂದೇ ಊರಲ್ಲಿ ಒಬ್ಬರ ಹೆಸರನ್ನೇ ಎರಡೆರಡು ನಿಲ್ದಾಣಕ್ಕೆ ಇಟ್ರೆ, ಗಂಟುಮೂಟೆ ಹೊತ್ತವರು ಅದರ ದಂಡ ಕಟ್ತಾರೆ.

ಸಿಲ್ಕಿನ ಕಥೆನೂ ಹಾಗೇ. ಸೆಂಟ್ರಲ್ ಸಿಲ್ಕ್ ಬೋರ್ಡ್ ಇರೋದು ಹಳದಿ ಮಾರ್ಗದಲ್ಲಿ, ಹೊಸೂರು ರಸ್ತೆ ಕಡೆ. ಹಸಿರು ಮಾರ್ಗದ ಕೊನೆ ನಿಲ್ದಾಣ ರೇಷ್ಮೆ ಸಂಸ್ಥೆ, ಅದು ಕನಕಪುರ ರಸ್ತೆ. ಸಿಲ್ಕ್ ಬೋರ್ಡಿಗೆ ಹೊರಟವರು "ಸಿಲ್ಕ್ ಇನ್‌ಸ್ಟಿಟ್ಯೂಟ್" ಅನ್ನೋ ಬೋರ್ಡ್ ನೋಡಿ ಕೊನೇವರೆಗೂ ಕೂತ್ರೆ ಊರಿನ ಇನ್ನೊಂದು ಮೂಲೆ ಸೇರ್ತಾರೆ. ಹತ್ತಬೇಕಾದ ಗಾಡಿ ಅದೇ, ಇಳೀಬೇಕಾದ್ದು ಆರ್.ವಿ. ರಸ್ತೆಯಲ್ಲಿ. ಮೆಜೆಸ್ಟಿಕ್ಕಿಂದ ಎಣಿಸಿ: ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ, ಏಳನೆಯದು ಆರ್.ವಿ. ರಸ್ತೆ. ಅಲ್ಲಿಂದ ಬೊಮ್ಮಸಂದ್ರದ ಗಾಡಿ.

ಇನ್ನು ದಿಕ್ಕು. ಬೋರ್ಡಲ್ಲಿ ಪೂರ್ವ ಪಶ್ಚಿಮ ಅಂತ ಇರಲ್ಲ, ಕೊನೆ ನಿಲ್ದಾಣದ ಹೆಸರಿರತ್ತೆ. ಆ ಕೊನೆ ಮುಂದಕ್ಕೆ ಹೋಗ್ತಾನೇ ಇದೆ. ನೇರಳೆ ಮಾರ್ಗದಲ್ಲಿ ಮೈಸೂರು ರಸ್ತೆ ಅಂತಿದ್ದದ್ದು 2021ರಲ್ಲಿ ಕೆಂಗೇರಿ ಆಯ್ತು, 2023ರಲ್ಲಿ ಚಲ್ಲಘಟ್ಟ. ಹಸಿರು ಮಾರ್ಗದ ನಾಗಸಂದ್ರ 2024ರ ನವೆಂಬರಲ್ಲಿ ಮಾದಾವರ ಆಯ್ತು. ನೇರಳೆಯ ಇನ್ನೊಂದು ತುದಿ ಮೊದಲು ಬೈಯಪ್ಪನಹಳ್ಳಿ ಆಗಿತ್ತು. ಹಾಗಾಗಿ "ಬೈಯಪ್ಪನಹಳ್ಳಿ ಗಾಡಿ ಹತ್ತು" ಅಂತ ಯಾರಾದ್ರೂ ಹೇಳಿದ್ರೆ, ಬೋರ್ಡಲ್ಲಿ ಹುಡುಕಬೇಕಾದ್ದು ವೈಟ್‌ಫೀಲ್ಡ್ ಕಾಡುಗೋಡಿ. ಕೆಲವು ಗಾಡಿ ಅರ್ಧ ದಾರಿಗೇ ವಾಪಸ್ ತಿರುಗತ್ತೆ. ಹತ್ತೋ ಮುಂಚೆ ಗಾಡಿ ಎಲ್ಲೀವರೆಗೆ ಅಂತ ಓದ್ಕೊಳ್ಳಿ. ಅಂದ ಹಾಗೆ ಐಟಿಪಿಎಲ್ ಅನ್ನೋ ಐಟಿ ಪಾರ್ಕಿಗೆ ಹೋಗೋರು ಕೊನೇವರೆಗೆ ಕೂರಬೇಡಿ, ಪಟ್ಟಂದೂರು ಅಗ್ರಹಾರದಲ್ಲಿ ಇಳೀರಿ.

ಮೆಜೆಸ್ಟಿಕ್ಕಲ್ಲಿ ಸ್ವಲ್ಪ ಎಚ್ಚರ ಬೇಕು. ಅಲ್ಲಿ ನೇರಳೆ ಮೇಲೆ, ಹಸಿರು ಅದರ ಕೆಳಗೆ. ನೇರಳೆ ಗಾಡಿ ಇಳಿದ ತಕ್ಷಣ ಅರ್ಧ ಜನ ಮೇಲಕ್ಕೆ ಹೊರಡ್ತಾರೆ, ಅವರು ಬಸ್ ಸ್ಟ್ಯಾಂಡಿಗೆ ಹೋಗೋರು. ಅವರ ಹಿಂದೆ ಹೋದ್ರೆ ಗೇಟ್ ಸಿಗತ್ತೆ. ಟೋಕನ್ ಹಾಕಿದ್ರೋ, ಪ್ರಯಾಣ ಅಲ್ಲಿಗೆ ಮುಗೀತು. ಒಳಗೆ ಬರೋಕೆ ಹೊಸ ಟಿಕೆಟ್ಟು. ಹಸಿರು ಬೇಕಿದ್ರೆ ಕೆಳಗೆ ಇಳೀರಿ. ಗಾಡಿ ಬದಲಿಸೋಕೆ ಗೇಟ್ ದಾಟೋದೇ ಬೇಡ.

ಮೇಲ್ಸೇತುವೆ ಮೇಲಿರೋ ನಿಲ್ದಾಣಗಳಲ್ಲಿ ತೊಂದರೆ ಬೇರೆ ಥರ. ಬಹುತೇಕ ಕಡೆ ಹಳಿಯ ಎರಡೂ ಬದಿಗೆ ಒಂದೊಂದು ಪ್ಲಾಟ್‌ಫಾರ್ಮು, ಮೆಟ್ಟಿಲೂ ಬೇರೆ ಬೇರೆ. ತಪ್ಪು ಬದಿ ಹತ್ತಿದ್ರೆ ನಿಮ್ಮ ಗಾಡಿ ಎದುರುಗಡೆ ಬಂದು, ಬಾಗಿಲು ತೆಗೆದು, ಮುಚ್ಚಿ ಹೋಗೋದನ್ನ ನೋಡ್ತಾ ನಿಲ್ಲಬೇಕು. ಆಮೇಲೆ ಕೆಳಗಿಳಿದು ಆಚೆ ಬದಿ ಹತ್ತೋದು. ಹೊರಗೆ ಹೋಗೋ ಬಾಗಿಲಿಗೂ ಇದೇ ಮಾತು. ಎ, ಬಿ ಅಕ್ಷರದ ಪಕ್ಕ ರಸ್ತೆ ಹೆಸರಿರತ್ತೆ, ಓದಿ ಇಳೀರಿ. ಹೊಸೂರು ರಸ್ತೆ ದಾಟೋದು ಅಂದ್ರೆ ಅದೇ ಇನ್ನೊಂದು ಪ್ರಯಾಣ.

ಮೆಟ್ರೋ ಕಾರ್ಡ್ ಇಟ್ಕೊಂಡೋರಿಗೆ ಒಂದು ಮಾತು. 2025ರ ಫೆಬ್ರವರಿ ದರ ಏರಿಕೆ ಆದಾಗ ಗರಿಷ್ಠ ದರ 90 ರೂಪಾಯಿ ಆಯ್ತು, ಕಾರ್ಡಲ್ಲಿ ಇರಬೇಕಾದ ಕನಿಷ್ಠ ಮೊತ್ತವೂ 90 ಆಯ್ತು. ಎಲ್ಲಿ ಇಳೀತೀರಿ ಅಂತ ಗೇಟಿಗೆ ಗೊತ್ತಿರಲ್ಲ ನೋಡಿ. ಹತ್ತು ರೂಪಾಯಿ ದೂರಕ್ಕೆ ಹೊರಟಿದ್ರೂ, ಕಾರ್ಡಲ್ಲಿ 85 ಇದ್ರೆ ಆ ಕೆಂಪು ದೀಪದ ಮುಂದೆ ನಿಂತು ಹಿಂದಿನೋರ ಬೈಗುಳ ಕೇಳೋದು ನೀವೇ.