ಬಲ್ಬ್ ಹಾಕಬೇಡಿ, ದೆವ್ವ ಬರಲಿ

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಟ್ಟವರು ನನ್ನನ್ನು ಸಿನಿಮಾ ವಿಮರ್ಶಕ ಅಂದರು. ಅಲ್ಲ ಸ್ವಾಮಿ. ಇಲ್ಲೇ ಮಂಡಿಪೇಟೆಯಲ್ಲಿ ನನ್ನದು ಎಲೆಕ್ಟ್ರಿಕಲ್ ಅಂಗಡಿ. ಹಗಲು ಬಲ್ಬು, ವೈರು ಮಾರುತ್ತೇನೆ, ರಾತ್ರಿ ಊಟ ಆದ ಮೇಲೆ ದೆವ್ವದ ಸಿನಿಮಾ ನೋಡುತ್ತೇನೆ, ಅಷ್ಟೇ. ನನ್ನ ಹತ್ತಿರ ಇರೋದು ಒಂದೇ ತಕ್ಕಡಿ. ಸಿನಿಮಾ ಮುಗಿದ ಮೇಲೆ ಕತ್ತಲಲ್ಲಿ ಒಬ್ಬನೇ ಹಿತ್ತಲಿಗೆ ಹೋಗೋಕೆ ಧೈರ್ಯ ಇದ್ದರೆ, ಆ ಸಿನಿಮಾ ಫೇಲ್.

ಈ ಲೆಕ್ಕ ಶುರುವಾಗಿದ್ದು ‘ನಾ ನಿನ್ನ ಬಿಡಲಾರೆ’ಯಿಂದ. 1979ರ ಸಿನಿಮಾ, ಅನಂತ್ ನಾಗ್, ಲಕ್ಷ್ಮಿ. ನಾನು ನೋಡಿದ್ದು ಎಷ್ಟೋ ವರ್ಷ ಆದ ಮೇಲೆ, ಪಕ್ಕದ ಮನೆ ಟಿವಿಯಲ್ಲಿ, ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕ ಕೂತು. ಆಗ ನಮ್ಮ ಪಾಯಖಾನೆ ಹಿತ್ತಲ ಕೊನೆಯಲ್ಲಿತ್ತು, ನಡುವೆ ಒಂದು ನುಗ್ಗೆ ಮರ. ರಾತ್ರಿ ಹನ್ನೊಂದಕ್ಕೆ ಅಜ್ಜಿಯನ್ನು ಎಬ್ಬಿಸಿದೆ. ಪಾಪ, ಲಾಟೀನು ಹಿಡಿದು ಬಂದು ಹೊರಗೆ ನಿಂತಳು. ನಾನು ಒಳಗಿಂದ “ಅಜ್ಜೀ, ಇದೀಯಾ?” ಅನ್ನೋದು, ಅವಳು “ಹೂಂ” ಅನ್ನೋದು. ಮತ್ತೆ “ಅಜ್ಜೀ?”, ಮತ್ತೆ “ಹೂಂ”. ನಾಲ್ಕನೇ ಸಲ ಹೂಂ ಬರಲಿಲ್ಲ. ಬಾಗಿಲ ಸಂದಿಯಲ್ಲಿ ಬೀಳುತ್ತಿದ್ದ ಬೆಳಕೂ ಇಲ್ಲ. ಚಡ್ಡಿ ಕೈಯಲ್ಲಿ ಹಿಡಿದು ಹೊರಗೆ ಓಡಿಬಂದರೆ, ಅಜ್ಜಿ ಮರದ ಕೆಳಗೆ ಲಾಟೀನು ಎತ್ತಿ ಹಿಡಿದು ನಿಂತಿದ್ದಾಳೆ. “ನಾಕು ಕಾಯಿ ಬಲ್ತಾವೆ ನೋಡ್ಲಾ ತಮ್ಮಾ, ನಾಳೆ ಸಾರಿಗೆ ಆತು.”

ನಗಬೇಡಿ. ಆ ಸಿನಿಮಾದ ದೆವ್ವ ನನಗೆ ಈಗ ಅರ್ಧ ಮರೆತಿದೆ. ಬಾರದೇ ಹೋದ ಆ ಹೂಂ ಮರೆತಿಲ್ಲ. ಅದಕ್ಕೇ ಹೇಳೋದು, ಹೆದರಿಸಬೇಕು ಅಂದರೆ ಬೇಗ ಬಲ್ಬ್ ಹಾಕಬಾರದು. ಈಗಿನವರು ಮೊದಲ ಹತ್ತು ನಿಮಿಷಕ್ಕೇ ಬಿಳಿ ಸೀರೆ, ಕೆಂಪು ಕಣ್ಣು ಎಲ್ಲಾ ತೋರಿಸಿಬಿಡುತ್ತಾರೆ. ಆಮೇಲೆ ಹೆದರೋಕೆ ಏನಿದೆ?

ದುರ್ಗದಿಂದ ಬಂದವರು ಇದ್ದೀರಲ್ವಾ? ಓಬವ್ವನ ಕಿಂಡಿಯನ್ನು ಒಂದು ಸಲ ಹೈದರಾಲಿಯ ಸಿಪಾಯಿ ಕಡೆಯಿಂದ ನೋಡಿ. ನಾವೆಲ್ಲ ಒನಕೆ ಹಿಡಿದವಳ ಪಕ್ಕ ನಿಂತು ಚಪ್ಪಾಳೆ ಹೊಡೆಯೋರು, ಸರಿ. ಆದರೆ ಕಿಂಡಿಯ ಹೊರಗೆ ನಿಂತವನಿಗೆ ಏನು ಕಾಣುತ್ತೆ? ಒಂದು ಸಂದು, ಒಳಗೆ ಕತ್ತಲು. ಮುಂದಿನವನು ತಲೆ ಒಳಗೆ ಹಾಕಿದ, ಕಾಲು ಒಳಗೆ ಹೋಯಿತು, ಸದ್ದಿಲ್ಲ. ಇನ್ನೊಬ್ಬ ಹೋದ, ಸದ್ದಿಲ್ಲ. ಈಗ ಇವನ ಸರದಿ. ಅಯ್ಯಪ್ಪಾ! ಇದಕ್ಕಿಂತ ದೊಡ್ಡ ಹಾರರ್ ಸೀನು ನನಗಂತೂ ಗೊತ್ತಿಲ್ಲ.

1975ರ ‘ಜಾಸ್’ ನೋಡಿ. ಸ್ಪೀಲ್‌ಬರ್ಗ್ ಮಾಡಿಸಿದ ಯಂತ್ರದ ಶಾರ್ಕ್ ಉಪ್ಪುನೀರಿಗೆ ಇಳಿದರೆ ಕೆಡೋದು. ಬೇರೆ ದಾರಿ ಇಲ್ಲದೆ ಶಾರ್ಕನ್ನು ಕಡಿಮೆ ತೋರಿಸಿ, ನೀರು ಮತ್ತು ಸಂಗೀತದಲ್ಲೇ ಹೆದರಿಸಿದರು. ಮೋಟರ್ ಕೆಟ್ಟು ಒಳ್ಳೇದಾಗಿದ್ದು ನಾನು ಕೇಳಿದ್ದು ಅದೊಂದೇ. ನಮ್ಮ ಅಂಗಡಿಗೆ ಬರೋ ಗಿರಾಕಿಗಳಿಗೆ ಇದನ್ನು ಹೇಳೋಕಾಗಲ್ಲ.

ಕನ್ನಡದಲ್ಲಿ ‘ಆಪ್ತಮಿತ್ರ’. ಮೂಲ ಮಲಯಾಳಂದು, 1993ರ ‘ಮಣಿಚಿತ್ರತಾಳ್’, ಅದನ್ನೂ ನೋಡಿ. ನೆಂಟರು ಮಕ್ಕಳ ಜೊತೆ ಕೂತು ನೋಡೋದಾದರೆ ನಮ್ಮದೇ ಸರಿ. ಅಲ್ಲೂ ಭಯ ಇರೋದು ಬೀಗ ಹಾಕಿದ ಕೋಣೆಯಲ್ಲಿ, ಬೀಗ ತೆಗೆಯೋ ತನಕ. 2004ರ ಆಗಸ್ಟ್‌ನಲ್ಲಿ ಬಿಡುಗಡೆ ಆಗೋ ಹೊತ್ತಿಗೆ ಸೌಂದರ್ಯ ಇರಲಿಲ್ಲ, ಏಪ್ರಿಲ್‌ನಲ್ಲೇ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟಿದ್ದರು. ತೆರೆ ಮೇಲೆ ಅವರು ಮೊದಲ ಸಲ ಬಂದಾಗ ನಮ್ಮ ಸಾಲಿನಲ್ಲಿ ಒಂದು ಸಿಳ್ಳೆಯೂ ಬೀಳಲಿಲ್ಲ. ಟಾಕೀಸಿನಲ್ಲಿ ಅಂಥ ಮೌನ ಮತ್ತೆ ಕೇಳಿಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಬೇಗ ಹೇಳುತ್ತೇನೆ. ‘ತುಂಬಾಡ್’, 2018ರದು, ಹಿಂದಿ. ಮಳೆ, ಹಾಳು ವಾಡೆ, ಹಿಟ್ಟಿನ ಗೊಂಬೆ, ಮನುಷ್ಯನ ದುರಾಸೆ. ಬಂದಾಗ ಜನ ಹೋಗಲಿಲ್ಲ, 2024ರಲ್ಲಿ ಮತ್ತೆ ಬಿಟ್ಟಾಗ ಮುಗಿಬಿದ್ದರು. ಅದೇ ವರ್ಷದ ‘ಭ್ರಮಯುಗಂ’, ಪೂರ್ತಿ ಕಪ್ಪು ಬಿಳುಪು, ಮಮ್ಮುಟ್ಟಿ ನಕ್ಕರೆ ಸಾಕು. ‘ಎ ಕ್ವೈಟ್ ಪ್ಲೇಸ್’ನಲ್ಲಿ ಸದ್ದು ಮಾಡಿದವರನ್ನು ರಾಕ್ಷಸಗಳು ಹಿಡಿಯುತ್ತವೆ, ಹಾಗಾಗಿ ಮಂಡಕ್ಕಿ ತಿನ್ನುತ್ತಾ ನೋಡಬೇಡಿ, ಪಕ್ಕದವರು ಹೊಡೆಯುತ್ತಾರೆ. ಪವನ್ ಕುಮಾರ್ ಅವರ ‘ಯು ಟರ್ನ್’ ನೋಡಿದ ಮೇಲೆ ನಾನು ಬೈಕನ್ನು ಅಡ್ಡ ತಿರುಗಿಸೋದು ಬಿಟ್ಟೆ, ಸುಮಾರು ಒಂದು ತಿಂಗಳು. ‘ಸೈಕೋ’ ಬಗ್ಗೆ ತುಂಬಾ ಬರೆದುಕೊಂಡು ಬಂದಿದ್ದೆ. ಹೋಗಲಿ, ಅದರ ರಕ್ತ ಚಾಕೊಲೇಟ್ ಸಿರಪ್ ಅನ್ನೋದು ಮಾತ್ರ ನೆನಪಿಡಿ, ಮನೆಯಲ್ಲಿ ಮಕ್ಕಳು ಹೆದರಿದರೆ ಹೇಳಬಹುದು.

ಆಯ್ತು, ಎರಡನೇ ಚೀಟಿ. ಹೊರಗೆ ಮಿರ್ಚಿ ಆರುತ್ತಿದೆ. ಇಳಿಯುವಾಗ ಹುಷಾರು, ಮೆಟ್ಟಿಲ ಹತ್ತಿರದ ಬಲ್ಬ್ ಹೋಗಿದೆ. ಬರುವಾಗಲೇ ನೋಡಿದೆ. ಅಂಗಡಿ ಇಟ್ಟುಕೊಂಡು ಒಂದು ತರಬೇಕು ಅಂತ ಹೊಳೆಯಲಿಲ್ಲ ನೋಡಿ.