ಬೆಟ್ಟಕ್ಕೆ ಒಬ್ಬರೇ ಹೋಗಿ, ತೀರ್ಮಾನ ಮಾತ್ರ ಅಲ್ಲಿ ಬೇಡ

45 ದಾಟಿದ ಗಂಡಸು "ಈ ಶನಿವಾರ ಭಾನುವಾರ ಬೆಟ್ಟಕ್ಕೆ ಹೋಗಿ ಬರ್ತೀನಿ, ಒಬ್ಬನೇ" ಅಂದರೆ ಸಾಕು, ಮನೆಯವರಿಗೆಲ್ಲ ಗಾಬರಿ. ಏನಾಯ್ತು? ಯಾರ ಜೊತೆ ಜಗಳ? ಕೆಲಸದಲ್ಲಿ ಏನಾದರೂ ತೊಂದರೆನಾ? ಏನೂ ಆಗಿರುವುದಿಲ್ಲ. ಕೆಲಸ ಇದೆ, ಸಂಸಾರ ಇದೆ, ಸಾಲದ ಕಂತು ತಪ್ಪದೆ ಹೋಗುತ್ತಿದೆ. ಆದರೂ ನಡುರಾತ್ರಿ ಎಚ್ಚರವಾದಾಗ "ಇಷ್ಟೇನಾ?" ಅನ್ನಿಸುತ್ತದೆ. ಅದನ್ನು ಯಾರಿಗೆ ಹೇಳುವುದು, ಹೇಗೆ ಹೇಳುವುದು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಅವರನ್ನು ತಡೆಯಬೇಡಿ, ಹೋಗಿ ಬರಲಿ. ಹೊರಟವರಿಗೂ ಒಂದು ಮಾತು: ಬದುಕಿನ ದೊಡ್ಡ ತೀರ್ಮಾನಗಳನ್ನು ಮಾತ್ರ ಅಲ್ಲಿ ಕೂತು ಮಾಡಬೇಡಿ.

ಇದಕ್ಕೆ ಮಿಡ್‌ಲೈಫ್ ಕ್ರೈಸಿಸ್, ಅಂದರೆ ನಡುವಯಸ್ಸಿನ ಬಿಕ್ಕಟ್ಟು, ಅಂತ ಹೆಸರಿಟ್ಟವರು ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕ, 1965ರಲ್ಲಿ. ಅವರು ಬರೆದದ್ದು ಹೊಸ ಬೈಕು, ತಲೆಗೆ ಬಣ್ಣ, ಇಂಥ ವಿಷಯ ಅಲ್ಲ. ಸಾವಿನ ಬಗ್ಗೆ. ಸಾವು ಅನ್ನುವುದು ಎಲ್ಲರಿಗೂ ಬರುತ್ತದೆ ಅಂತ ಚಿಕ್ಕಂದಿನಿಂದ ಕೇಳಿರುತ್ತೇವೆ. ನನಗೂ ಬರುತ್ತದೆ ಅಂತ ಮೈಗೆ ತಟ್ಟುವುದು ನಡುವಯಸ್ಸಿನಲ್ಲಿ. ಇಂಥ ಗಂಭೀರ ವಿಷಯ ಇವತ್ತು ಬರೀ ನಗೆಚಾಟಿಕೆ ಆಗಿದೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ನಗುತ್ತಾರೆ ಅನ್ನುವ ಭಯಕ್ಕೇ ಎಷ್ಟೋ ಗಂಡಸರು ಬಾಯಿ ಬಿಡುವುದಿಲ್ಲ.

ಇನ್ನೊಂದು ವಿಷಯ. 2008ರಲ್ಲಿ ಬ್ಲಾಂಚ್‌ಫ್ಲವರ್ ಮತ್ತು ಓಸ್ವಾಲ್ಡ್ ಎಂಬ ಅರ್ಥಶಾಸ್ತ್ರಜ್ಞರು ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬದುಕಿನ ಬಗ್ಗೆ ಜನರಿಗಿರುವ ತೃಪ್ತಿ ನಲವತ್ತೈದರ ಆಸುಪಾಸಿನಲ್ಲಿ ಇಳಿದು, ಆಮೇಲೆ ಮತ್ತೆ ಏರುತ್ತದೆ ಅಂದರು. ಎಲ್ಲ ಸಂಶೋಧಕರೂ ಇದನ್ನು ಒಪ್ಪುವುದಿಲ್ಲ. ಆದರೆ 2012ರಲ್ಲಿ 508 ಚಿಂಪಾಂಜಿ ಮತ್ತು ಒರಾಂಗುಟಾನ್‌ಗಳ ಬಗ್ಗೆ ಅವುಗಳನ್ನು ನೋಡಿಕೊಳ್ಳುವವರನ್ನು ಕೇಳಿದಾಗಲೂ ನಡುವಯಸ್ಸಿನಲ್ಲಿ ಇಳಿದು ಮತ್ತೆ ಏರುವ ಇದೇ ಆಕಾರ ಸಿಕ್ಕಿತು. ಅವಕ್ಕೆ ಬಡ್ತಿ ತಪ್ಪಿದ ಚಿಂತೆ ಇಲ್ಲ, ಅಲ್ವಾ? ಅಂದರೆ ಈ ದಣಿವು ಪೂರ್ತಿ ನಮ್ಮ ಸೋಲೇ ಅಂದುಕೊಳ್ಳಬೇಕಾಗಿಲ್ಲ.

ಸರಿ, ಬೆಟ್ಟಕ್ಕೆ ಬರೋಣ. ಮೊದಲ ಕೆಲವು ಗಂಟೆ ನೆಮ್ಮದಿ ಏನೂ ಸಿಗುವುದಿಲ್ಲ. ಫೋನಿಗೆ ಸಿಗ್ನಲ್ ಇಲ್ಲ ಅಂತ ಗೊತ್ತಿದ್ದರೂ ಹೆಬ್ಬೆರಳು ಸುಮ್ನೆ ಪರದೆ ತೆರೆಯುತ್ತದೆ, ಮುಚ್ಚುತ್ತದೆ. 2014ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ನಡೆಯಿತು. ಖಾಲಿ ಕೋಣೆಯಲ್ಲಿ 15 ನಿಮಿಷ ಸುಮ್ಮನೆ ಯೋಚಿಸುತ್ತಾ ಕೂರಬೇಕು. ಬೇಕಾದರೆ ಒಂದು ಗುಂಡಿ ಒತ್ತಿ ಕರೆಂಟ್ ಶಾಕ್ ತಗೋಬಹುದು. 18 ಗಂಡಸರಲ್ಲಿ 12 ಮಂದಿ ಶಾಕ್ ತಗೊಂಡರು. 24 ಹೆಂಗಸರಲ್ಲಿ 6 ಮಂದಿ. ಚಿಕ್ಕ ಪ್ರಯೋಗ, ನಿಜ. ಆದರೂ ನಮ್ಮ ಜೊತೆ ನಾವೇ ಇರುವುದು ಎಷ್ಟು ಕಷ್ಟ ಅಂತ ಅದನ್ನು ಓದಿದಾಗಲೆಲ್ಲ ಅನ್ನಿಸುತ್ತದೆ. ಹಾಗಾಗಿ ಮೊದಲ ದಿನದ ಚಡಪಡಿಕೆ ನೋಡಿ "ಇದು ನನ್ನಿಂದಾಗದು" ಅಂತ ವಾಪಸ್ ಬರಬೇಡಿ.

ಆಮೇಲೆ ಮೈ ಮಾತಾಡಲು ಶುರು ಮಾಡುತ್ತದೆ. ಏರುವಾಗ ಉಸಿರು, ಇಳಿಯುವಾಗ ಮಂಡಿ. ನಕ್ಷೆಯಲ್ಲಿನ ಸಣ್ಣ ಅಕ್ಷರ ಓದಲು ಕೈಯನ್ನು ಪೂರ್ತಿ ಚಾಚಬೇಕು. ನನಗೆ ಅಲ್ಲಿ ಅತಿ ಹೆಚ್ಚು ಕಾಡುವುದು ಅಪ್ಪನ ನೆನಪು. ಬಂಡೆಯ ಮೇಲೆ ಕೂತು ಏಳುವಾಗ ಎಡಗೈಯನ್ನು ಮಂಡಿಗೆ ಊರಿ, ಒಂದು ಗಳಿಗೆ ತಡೆದು, ಆಮೇಲೆ ಬೆನ್ನು ನೆಟ್ಟಗೆ ಮಾಡುತ್ತೇನೆ. ಅದು ನನ್ನ ಚಲನೆ ಅಲ್ಲ, ಅಪ್ಪನದು. ಅವರು ಹಾಗೆ ಏಳುವಾಗ ನಾನು ಹುಡುಗ. ಅಪ್ಪನಿಗೆ ವಯಸ್ಸಾಯಿತು ಅಂದುಕೊಳ್ಳುತ್ತಿದ್ದೆ. ಈಗ ಲೆಕ್ಕ ಹಾಕಿದರೆ ಆಗ ಅವರಿಗೆ ನನ್ನ ಈಗಿನ ವಯಸ್ಸೇ. ಅವರಿಗೂ "ಇಷ್ಟೇನಾ?" ಅನ್ನಿಸಿತ್ತಾ? ಊಟ ಮುಗಿಸಿ ಹೊರಗೆ ಹೋಗಿ ಅಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರಲ್ಲ, ಏನು ಯೋಚಿಸುತ್ತಿದ್ದರು? ಇದು ಊರ ಗದ್ದಲದಲ್ಲಿ ಹುಟ್ಟುವ ಪ್ರಶ್ನೆ ಅಲ್ಲ. ಇಂಥದ್ದೊಂದು ಪ್ರಶ್ನೆ ಸಿಕ್ಕರೂ ಎರಡು ದಿನ ಸಾರ್ಥಕ.

ಆದರೆ ತೀರ್ಮಾನ ಬೇರೆ ವಿಷಯ. ಎತ್ತರದಿಂದ ನೋಡಿದರೆ ಕೆಳಗಿನದೆಲ್ಲ ಚಿಕ್ಕದಾಗಿ ಕಾಣುತ್ತದೆ. ಕೆಲಸ ಬಿಟ್ಟುಬಿಡೋಣ, ಈ ಸಂಬಂಧ ಸಾಕು, ಎಲ್ಲ ಮಾರಿ ಎಲ್ಲಾದರೂ ಹೋಗೋಣ ಅನ್ನುವುದು ಅಲ್ಲಿ ಬಹಳ ಸುಲಭ. ಯಾಕೆಂದರೆ ಆ ತೀರ್ಮಾನದ ಭಾರ ಹೊರಬೇಕಾದವರು ಯಾರೂ ಪಕ್ಕದಲ್ಲಿ ಇರುವುದಿಲ್ಲ. ಹೆಂಡತಿಯ ಬದುಕನ್ನೂ ಬದಲಿಸುವ ನಿರ್ಧಾರವನ್ನು ಅವಳಿಲ್ಲದ ಕಡೆ ಕೂತು ಮಾಡಿ, ಮನೆಗೆ ಬಂದು ಸುದ್ದಿ ತಿಳಿಸುವುದು ಅನ್ಯಾಯ. ಏನು ಅನ್ನಿಸಿತೋ ಅದನ್ನು ಬರೆದುಕೊಳ್ಳಿ. ಮನೆಗೆ ಬಂದು, ಚೆನ್ನಾಗಿ ನಿದ್ದೆ ಮಾಡಿ, ಒಂದು ಮಾಮೂಲಿ ದಿನ ಅದನ್ನೇ ತೆಗೆದು ಓದಿ. ಆಗಲೂ ನಿಜ ಅನ್ನಿಸಿದರೆ ಆ ಕಾಗದವನ್ನು ಅವಳ ಮುಂದೆ ಇಟ್ಟು ಮಾತು ಶುರು ಮಾಡಿ.

ಹೊರಡುವ ಮುಂಚಿನ ತಯಾರಿಯೂ ಮುಖ್ಯ. ಪ್ರತಿ 1,000 ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ತಂಪು ಜಾಸ್ತಿ. ಸ್ವೆಟರ್, ಟಾರ್ಚ್, ನೀರು ಇರಲಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯವರಿಗೆ ಹೇಗೂ ಹೇಳುತ್ತೀರಿ. ಮನೆಯ ಹೊರಗಿನ ಇನ್ನೊಬ್ಬರಿಗೂ ಹೇಳಿ ಅಂದರೆ ಬಹಳ ಗಂಡಸರು ಫೋನ್ ಹಿಡಿದು ನಿಂತುಬಿಡುತ್ತಾರೆ. ನೂರಾರು ನಂಬರ್ ಇರುತ್ತದೆ. "ಒಬ್ಬನೇ ಹೋಗ್ತಿದ್ದೀನಿ, ಬರೋದು ತಡವಾದರೆ ಸ್ವಲ್ಪ ವಿಚಾರಿಸು" ಅಂತ ಸಂಕೋಚವಿಲ್ಲದೆ ಹೇಳಬಹುದಾದ ಹೆಸರು ಎಷ್ಟಿದೆ? ಬೆಟ್ಟ ಹತ್ತುವ ಮುಂಚೆಯೇ ನಮ್ಮ ಬಗ್ಗೆ ನಮಗೆ ಗೊತ್ತಾಗುವ ದೊಡ್ಡ ಸಂಗತಿ ಇದೇ ಅಂತ ನನಗನ್ನಿಸುತ್ತದೆ.

ಅಂಥ ಒಬ್ಬ ಗೆಳೆಯ ಇದ್ದರೆ, ಮಾತಾಡಿ ವರ್ಷಗಳೇ ಆಗಿದ್ದರೂ ಪರವಾಗಿಲ್ಲ, ಅವನಿಗೇ ಹೇಳಿ ಹೊರಡಿ. ಭಾನುವಾರ ಸಂಜೆ ಇಳಿದ ಮೇಲೆ ಫೋನ್ ಮಾಡಿದಾಗ "ಬಂದೆ ಕಣೋ" ಅಂತಷ್ಟೇ ಹೇಳಿ ಇಟ್ಟುಬಿಡಬೇಡಿ. ಅಲ್ಲಿ ಏನೇನು ಅನ್ನಿಸಿತು ಅಂತಲೂ ಹೇಳಿ. ನಿನಗೂ ಹೀಗೆ ಅನ್ನಿಸುತ್ತಾ ಅಂತ ಕೇಳಿ.