ಮಟ್ಟ ನೋಡಿದರೆ ಸಾಲದು

ಕೇಳುಗರೇ, ನಮಸ್ಕಾರ.

ನಿಮ್ಮ ಕಾರಿನ ಬಾನೆಟ್ ಎತ್ತಿ ನೋಡಿ ಎಷ್ಟು ದಿನ ಆಯ್ತು? ನೆನಪಾಗದಿದ್ದರೆ ನಾಳೆ ಬೆಳಿಗ್ಗೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಲಿ, ಎಂಜಿನ್ ತಣ್ಣಗಿರಲಿ. ಕೈಯಲ್ಲಿ ಒಂದು ಹಳೇ ಬಟ್ಟೆ ಇದ್ದರೆ ಸಾಕು.

ಮೊದಲು ಎಂಜಿನ್ ಆಯಿಲ್. ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ನೋಡುವ ಕಡ್ಡಿ, ಎಳೆದು ಒರೆಸಿ. ಪೂರ್ತಿ ಒಳಗೆ ತಳ್ಳಿ ಮತ್ತೆ ಎಳೆಯಿರಿ. ಮೊದಲ ಸಲ ಕಂಡದ್ದನ್ನು ನಂಬಬೇಡಿ, ಗಾಡಿ ಓಡುವಾಗ ಎರಚಿದ ಆಯಿಲ್ ಕಡ್ಡಿಗೆ ಮೆತ್ತಿಕೊಂಡಿರುತ್ತದೆ. ಎರಡನೇ ಸಲ ಅದು ಎರಡು ಗುರುತುಗಳ ನಡುವೆ ಇರಬೇಕು. ಬಹಳಷ್ಟು ಕಾರುಗಳಲ್ಲಿ ಆ ಗುರುತುಗಳ ನಡುವಿನ ಅಂತರ ಸುಮಾರು 1 ಲೀಟರ್. ಕಡಿಮೆ ಇದ್ದರೆ ಸ್ವಲ್ಪ ಸ್ವಲ್ಪ ಹಾಕಿ, ನಡುನಡುವೆ ನೋಡಿ. ಜಾಸ್ತಿ ಆದರೂ ಕಷ್ಟವೇ. ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಅನ್ನುವ ದಂಡ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಎಂಜಿನ್ನನ್ನು ಕಾಯುವುದಿಲ್ಲ.

ಆಯಿಲ್ ಕಪ್ಪಾಗಿದೆ ಅಂತ ಗಾಬರಿ ಬೇಡ. ಡೀಸೆಲ್ ಗಾಡಿಯಲ್ಲಿ ಬದಲಿಸಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಆದರೆ ಕಡ್ಡಿಯ ಮೇಲೆ ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕಂಡರೆ ಗಾಡಿ ಸ್ಟಾರ್ಟ್ ಮಾಡಬೇಡಿ. ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಆಯಿಲಿನ ಜೊತೆ ಸೇರುತ್ತಿರಬಹುದು, ಮೆಕ್ಯಾನಿಕ್‌ನ ಕರೆಸಿ.

ಕೂಲೆಂಟ್ ವಿಷಯದಲ್ಲಿ ಒಂದೇ ಕಟ್ಟುನಿಟ್ಟು: ಎಂಜಿನ್ ಬಿಸಿ ಇರುವಾಗ ಮುಚ್ಚಳ ಮುಟ್ಟಬೇಡಿ. ಒಳಗೆ ಒತ್ತಡದಲ್ಲಿರುವ ದ್ರವ ಚಿಮ್ಮಿ ಮುಖ, ಕೈ ಸುಡುತ್ತದೆ. ಬಣ್ಣ ಒಂದೇ ಅಂತ ಬೇರೆ ಕೂಲೆಂಟ್ ಬೆರೆಸಬೇಡಿ, ಕಾರಿನ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡು ಬಂದದ್ದು ಬ್ರೇಕ್ ಆಯಿಲ್ ಬಗ್ಗೆ. ಆಡುಮಾತಲ್ಲಿ ಆಯಿಲ್ ಅಂತೀವಿ, ಆದರೆ ಹೆಚ್ಚಿನ ಕಾರುಗಳಲ್ಲಿರುವುದು ಗ್ಲೈಕಾಲ್ ಆಧಾರದ ದ್ರವ, ಎಣ್ಣೆಯಲ್ಲ. ಅದರ ಡಬ್ಬಿಗೆ ತಪ್ಪಿ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಸೀಲುಗಳು ಉಬ್ಬಿ ಬ್ರೇಕೇ ಕೆಡುತ್ತದೆ.

ಈ ದ್ರವಕ್ಕೆ ಒಂದು ಗುಣ ಇದೆ. ಗಾಳಿಯಲ್ಲಿರುವ ತೇವವನ್ನು ಸದಾ ಹೀರಿಕೊಳ್ಳುತ್ತಾ ಇರುತ್ತದೆ. ಮುಚ್ಚಳ ಭದ್ರವಾಗಿದ್ದರೂ ರಬ್ಬರ್ ಪೈಪಿನ ಮೂಲಕ ತೇವ ನುಸುಳುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅನ್ನುವುದು ನಿಯಮ. ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ ನೀರು ಸೇರಿದರೂ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬರುವಾಗ ಚಕ್ರದ ಹತ್ತಿರ ವಿಪರೀತ ಬಿಸಿ. ಅಲ್ಲಿ ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ. ಕಾಲಿಟ್ಟ ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಇಷ್ಟೆಲ್ಲ ಆಗುವಾಗಲೂ ಡಬ್ಬಿಯಲ್ಲಿ ಮಟ್ಟ ಸರಿಯಾಗೇ ಇರುತ್ತದೆ, ಅಲ್ವಾ? ಅದಕ್ಕೇ ಮಟ್ಟ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ ಅನ್ನುವುದು. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಅದನ್ನು ಪೂರ್ತಿ ಬದಲಿಸಬೇಕು, ಗಾಡಿ ಕಡಿಮೆ ಓಡಿದ್ದರೂ ಸರಿ.

ಮಟ್ಟ ನಿಧಾನವಾಗಿ ಇಳಿದಿದ್ದರೆ? ಬ್ರೇಕ್ ಪ್ಯಾಡ್ ಸವೆದಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಸುರಿದು ತುಂಬಿಸಿಬಿಟ್ಟರೆ ಆ ಸುಳಿವೇ ಮುಚ್ಚಿಹೋಗುತ್ತದೆ. ಮೊದಲು ಪ್ಯಾಡ್ ನೋಡಿಸಿ. ಅಂದಹಾಗೆ, ಈ ದ್ರವ ಕಾರಿನ ಬಣ್ಣವನ್ನು ಕಿತ್ತುಹಾಕುತ್ತದೆ. ಒಂದು ಹನಿ ಚೆಲ್ಲಿದರೂ ತಕ್ಷಣ ನೀರಿನಲ್ಲಿ ತೊಳೆಯಿರಿ.

ನಾನು ಒಂದು ಚೀಟಿಯಲ್ಲಿ ಬ್ರೇಕ್ ಆಯಿಲ್ ಬದಲಿಸಿದ ತಿಂಗಳು, ವರ್ಷ ಬರೆದು ಬಾನೆಟ್ಟಿನ ಒಳಬದಿಗೆ ಟೇಪಿನಲ್ಲಿ ಅಂಟಿಸಿದ್ದೇನೆ. ನಾಳೆ ಬಾನೆಟ್ ಎತ್ತಿದಾಗ ನೀವೂ ಒಂದು ಚೀಟಿ ಅಂಟಿಸಿ. ಬದಲಿಸಿದ್ದು ಯಾವಾಗ ಅಂತ ಗೊತ್ತಿಲ್ಲದಿದ್ದರೆ, ಈ ವಾರವೇ ಬದಲಿಸಿ ಆ ದಿನಾಂಕವನ್ನೇ ಬರೆಯಿರಿ.

ನಮಸ್ಕಾರ.